ಚಿಕಿತ್ಸೆ ಉಚಿತ, ಖರ್ಚು ಮಾತ್ರ ತಪ್ಪಿದ್ದಲ್ಲ: ಉತ್ತರ ಕನ್ನಡದಲ್ಲಿ ಮಾನಸಿಕ ಆರೋಗ್ಯ ಸೇವೆಯ ಲೆಕ್ಕ

ಮಾನಸಿಕ ಆರೋಗ್ಯದ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದರೆ ಇನ್ನೇನು ಎಲ್ಲ ಸರಿಹೋಯಿತು ಅನ್ನಿಸಬೇಕು. 2022ರ ಅಕ್ಟೋಬರ್ 10ರಿಂದ 14416ಕ್ಕೆ ಕರೆ ಮಾಡಿದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ ಸಲಹೆ ಸಿಗುತ್ತದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ಮಾನಸಿಕ ಆರೋಗ್ಯವೂ ಸಂವಿಧಾನದ 21ನೇ ವಿಧಿ ಕೊಟ್ಟಿರುವ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಶಾಲೆ-ಕಾಲೇಜುಗಳಿಗೆ ಆಪ್ತಸಮಾಲೋಚಕರನ್ನು ಕಡ್ಡಾಯ ಮಾಡಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ಹೋಯಿತು. ವಿಮೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿರಬೇಕು ಎಂಬ ಕಾನೂನು ಅದಕ್ಕೂ ಮೊದಲೇ ಇತ್ತು.

ಆದರೂ ಅಂಕೋಲೆಯಲ್ಲೋ ಸಿದ್ದಾಪುರದಲ್ಲೋ ತಿಂಗಳು ತಿಂಗಳೂ ಮಾತ್ರೆ ತಂದು ಕೊಡುತ್ತಿರುವ ಮನೆಯ ಖರ್ಚು ಇಳಿದಿಲ್ಲ. ಹಕ್ಕು ಇದೆ, ಯೋಜನೆ ಇದೆ, ಕಾರ್ಡ್ ಇದೆ. ಕೈಯಿಂದ ಹೋಗುವ ದುಡ್ಡು ಮಾತ್ರ ಹೋಗುತ್ತಲೇ ಇದೆ. ಇದಕ್ಕೆ ಭ್ರಷ್ಟಾಚಾರವನ್ನೋ ಜನರ ಅಜ್ಞಾನವನ್ನೋ ದೂರಿ ಕೈತೊಳೆದುಕೊಳ್ಳುವುದು ಸುಲಭ. ಮುಖ್ಯ ಕಾರಣ ಬೇರೆಯೇ ಇದೆ. ನಮ್ಮಲ್ಲಿ ಚಿಕಿತ್ಸೆಗೆ ದುಡ್ಡು ಕೊಡುವ ಬಹುತೇಕ ಎಲ್ಲ ವ್ಯವಸ್ಥೆಗಳೂ ಆಸ್ಪತ್ರೆಯ ಹಾಸಿಗೆಯನ್ನು ಲೆಕ್ಕಕ್ಕಿಟ್ಟುಕೊಂಡು ಹುಟ್ಟಿದವು. ಮಾನಸಿಕ ಕಾಯಿಲೆಗಳಿಗೆ ಮಾತ್ರ ಹೆಚ್ಚಿನ ಪಾಲು ಚಿಕಿತ್ಸೆ ನಡೆಯುವುದು ಹಾಸಿಗೆಯ ಹೊರಗೆ.

ಕಾನೂನು ಎಷ್ಟು ದೂರ ಬರುತ್ತದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ. ಅದರ 18ನೇ ಸೆಕ್ಷನ್ ಓದಿದರೆ ಉತ್ತರ ಕನ್ನಡವನ್ನು ಕಣ್ಣಮುಂದಿಟ್ಟುಕೊಂಡೇ ಬರೆದರೇನೋ ಅನ್ನಿಸುತ್ತದೆ. ಮಾನಸಿಕ ಕಾಯಿಲೆ ಇರುವವರು ಚಿಕಿತ್ಸೆಗಾಗಿ ಬಹುದೂರ ಹೋಗಬೇಕಾಗಿ ಬರಬಾರದು, ಸೇವೆ ಅವರಿರುವ ಜಾಗದ ಹತ್ತಿರ ಸಿಗಬೇಕು ಎಂದು ಅದು ಸರ್ಕಾರಕ್ಕೆ ಹೇಳುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಎಲ್ಲವೂ ಉಚಿತ. ಬಿಪಿಎಲ್ ಕಾರ್ಡ್ ಕೈಯಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಸೆಕ್ಷನ್ನಿನಲ್ಲೇ ಬರೆದಿದೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್‌ಗಳ ರದ್ದತಿ ಗದ್ದಲ ಎದ್ದಾಗ ಈ ಸಾಲು ಹೆಚ್ಚು ಜನರಿಗೆ ಗೊತ್ತಿದ್ದಿದ್ದರೆ ಒಂದಷ್ಟು ಆತಂಕವಾದರೂ ಕಡಿಮೆಯಾಗುತ್ತಿತ್ತು.

ಇನ್ನೊಂದು ಅಂಶ ಎಲ್ಲರಿಗೂ ಅನ್ವಯಿಸುತ್ತದೆ, ಎಪಿಎಲ್ ಕುಟುಂಬಗಳಿಗೂ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ, ಎಲ್ಲ ಕಾಲದಲ್ಲೂ, ಉಚಿತವಾಗಿ ಸಿಗಬೇಕು. ‘ಎಲ್ಲ ಕಾಲದಲ್ಲೂ’ ಎಂಬುದು ಕಾಯ್ದೆಯದೇ ಮಾತು.

ಸೇವೆ ಇಲ್ಲದ ಕಡೆ ಏನು? ಕನಿಷ್ಠ ಸೇವೆಗಳು ಜಿಲ್ಲೆಯಲ್ಲಿ ಸಿಗದಿದ್ದರೆ, ಅದೇ ಜಿಲ್ಲೆಯ ಬೇರೆ ಯಾವುದಾದರೂ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಬಹುದು, ವೆಚ್ಚ ಸರ್ಕಾರದ್ದು ಎನ್ನುತ್ತದೆ ಕಾಯ್ದೆ. ಓದಲು ಚೆಂದ. ಆದರೆ ‘ಅದೇ ಜಿಲ್ಲೆಯ’ ಎಂಬಲ್ಲಿ ಸಿಕ್ಕು ಬೀಳುತ್ತದೆ. ಭಟ್ಕಳದವರಿಗೆ ಕಾರವಾರಕ್ಕಿಂತ ಮಣಿಪಾಲ ಹತ್ತಿರ, ಅದು ಉಡುಪಿ ಜಿಲ್ಲೆ. ಹಳಿಯಾಳದವರಿಗೆ ಧಾರವಾಡ ಒಂದು ತಾಸಿನ ದಾರಿ, ಮುಂಡಗೋಡದವರಿಗೆ ಹುಬ್ಬಳ್ಳಿ ಹಾಗೆಯೇ. ಎರಡೂ ಧಾರವಾಡ ಜಿಲ್ಲೆ. ಕಾರವಾರದವರಿಗಂತೂ ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ, ಬೇರೆ ರಾಜ್ಯವೇ. ಜಿಲ್ಲೆಯೊಳಗೆ ಕೊರತೆಯಾದಾಗ ಇಲ್ಲಿನ ಜನ ಸಹಜವಾಗಿ ಹೋಗುವ ಯಾವ ಊರೂ ಆ ವಾಕ್ಯದ ಗೆರೆಯೊಳಗೆ ಬರುವುದಿಲ್ಲ.

ಜಿಲ್ಲೆಯ ಆಕಾರವೇ ಒಂದು ಖರ್ಚು

ಉತ್ತರ ಕನ್ನಡ ಹತ್ತು ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡ ಜಿಲ್ಲೆ. ಹನ್ನೆರಡು ತಾಲ್ಲೂಕು, 2011ರ ಜನಗಣತಿಯಂತೆ 14.37 ಲಕ್ಷ ಜನ. ಜಿಲ್ಲಾ ಕೇಂದ್ರ ಒಂದು ಮೂಲೆಯಲ್ಲಿದೆ. ಜಿಲ್ಲಾ ಮಟ್ಟದ ಮನೋವೈದ್ಯಕೀಯ ಸೇವೆ ಕೂತಿರುವುದು ಆ ಮೂಲೆಯಲ್ಲೇ, ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ. ಜನರ ಬಾಯಲ್ಲಿ ಅದು ಕ್ರಿಮ್ಸ್. ಶಿರಸಿಯಿಂದ ಅಲ್ಲಿಗೆ ಹೋಗುವುದೆಂದರೆ ದೇವಿಮನೆ ಘಟ್ಟ ಇಳಿದು, ಕುಮಟಾ ಸೇರಿ, ಹೆದ್ದಾರಿ ಹಿಡಿದು ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಬೆಳಗಿನ ಬಸ್ ತಪ್ಪಿದರೆ ಹೊರರೋಗಿ ವಿಭಾಗದ ಚೀಟಿ ಕೊಡುವ ಹೊತ್ತೂ ತಪ್ಪುತ್ತದೆ.

ಈ ದೂರಕ್ಕೆ ಕೇಂದ್ರ ಸರ್ಕಾರ ಕೊಟ್ಟ ಉತ್ತರ ‘ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ’. ಅದರ ಮೂಲ ಕರ್ನಾಟಕದ್ದೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ತಜ್ಞರಿಲ್ಲದ ಕಡೆಯೂ ಸಾಮಾನ್ಯ ಮಾನಸಿಕ ಕಾಯಿಲೆಗಳನ್ನು ನೋಡಬಹುದು ಎಂದು ತೋರಿಸಿತು. ಆ ಮಾದರಿಯನ್ನೇ ಹಿಡಿದು 1996ರಲ್ಲಿ ರಾಷ್ಟ್ರಮಟ್ಟದ ಕಾರ್ಯಕ್ರಮ ಶುರುವಾಯಿತು. ಜಿಲ್ಲೆಗೊಂದು ತಂಡ: ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್. ರಾಜ್ಯ ಇದಕ್ಕೆ ‘ಮನೋಚೈತನ್ಯ’ ಸೇರಿಸಿತು. ತಾಲ್ಲೂಕು ಆಸ್ಪತ್ರೆಗೇ ತಜ್ಞರು ನಿಗದಿತ ದಿನ ಬರುವ ಈ ವ್ಯವಸ್ಥೆ ಮಂಗಳವಾರದ ಕ್ಲಿನಿಕ್ ಎಂದೇ ಹೆಸರಾಗಿದೆ. ದಿನ ಬದಲಾಗುವುದುಂಟು, ಹಾಗಾಗಿ ತಾಲ್ಲೂಕು ಆಸ್ಪತ್ರೆಗೋ ಆಶಾ ಕಾರ್ಯಕರ್ತೆಗೋ ಕೇಳಿಕೊಂಡೇ ಹೊರಡಬೇಕು.

ಇದಕ್ಕೆ ದುಡ್ಡೆಷ್ಟು? ಕೇಂದ್ರದ ಈ ಕಾರ್ಯಕ್ರಮದಡಿ ಒಂದು ಜಿಲ್ಲೆಗೆ ವರ್ಷಕ್ಕೆ ಗರಿಷ್ಠ 83.2 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಉತ್ತರ ಕನ್ನಡದ ಜನಸಂಖ್ಯೆಗೆ ಹಂಚಿ ನೋಡಿ. ಪೂರ್ತಿ ಮೊತ್ತ ಬಂತೆಂದೇ ಇಟ್ಟುಕೊಂಡರೂ ತಲೆಗೆ ವರ್ಷಕ್ಕೆ ಆರು ರೂಪಾಯಿಗಿಂತ ಕಡಿಮೆ. ವೈದ್ಯಕೀಯ ಕಾಲೇಜಿನ ಸಂಬಳ, ರಾಜ್ಯದ ಔಷಧ ಖರೀದಿ ಇದರಲ್ಲಿ ಸೇರಿಲ್ಲ ಎಂಬುದನ್ನೂ ಹೇಳಬೇಕು. ಹಾಗಿದ್ದರೂ ಹನ್ನೆರಡು ತಾಲ್ಲೂಕು ಸುತ್ತುವ ಒಂದೇ ತಂಡಕ್ಕೆ ಡೀಸೆಲ್, ಸಿಬ್ಬಂದಿ, ತರಬೇತಿ ಎಲ್ಲಕ್ಕೂ ಇಷ್ಟೇ. ಬೆಟ್ಟ-ಘಟ್ಟದ ಜಿಲ್ಲೆಗೂ ಬಯಲುಸೀಮೆಯ ಜಿಲ್ಲೆಗೂ ಮಿತಿ ಒಂದೇ ಎಂಬುದು ಇದರ ದೊಡ್ಡ ಹುಳುಕು.

ಹಾಸಿಗೆಗೆ ದುಡ್ಡು, ಮಾತ್ರೆಗೆ ಇಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಖಿನ್ನತೆಗೆ ಕೊಡುವ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾಯಿತು ಅನ್ನಿಸಿದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಸ್ಕಿಝೋಫ್ರೇನಿಯಾ, ಬೈಪೋಲಾರ್ ಕಾಯಿಲೆಗಳಲ್ಲಿ ಇದು ವರ್ಷಗಳ ಲೆಕ್ಕ. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಿಸಬೇಕು. ಕ್ಲೋಜಪಿನ್ ತೆಗೆದುಕೊಳ್ಳುವವರು ಬಿಳಿ ರಕ್ತಕಣಗಳ ಎಣಿಕೆ ಮಾಡಿಸುತ್ತಿರಬೇಕು. ಮಾತಿನ ಚಿಕಿತ್ಸೆ ಬೇಕಾದವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೂರಬೇಕು. ಇವರಲ್ಲಿ ಹೆಚ್ಚಿನವರು ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗುವುದಿಲ್ಲ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದಲ್ಲಿ, ಅಂದರೆ ಒಂದೊಂದು ಚಿಕಿತ್ಸೆಗೆ ನಿಗದಿಯಾದ ಮೊತ್ತದಲ್ಲಿ, ಶೇ 30 ಸರ್ಕಾರದ್ದು, ಗರಿಷ್ಠ ಒಂದೂವರೆ ಲಕ್ಷ. ಆದರೆ ಪ್ಯಾಕೇಜ್ ಎಂಬುದು ದಾಖಲಾತಿಯ ಸುತ್ತ ಕಟ್ಟಿದ್ದು. ಖಾಸಗಿ ಮನೋವೈದ್ಯರ ತಿಂಗಳ ಫೀ, ಅಂಗಡಿಯಲ್ಲಿ ಕೊಂಡ ಮಾತ್ರೆ, ಲ್ಯಾಬ್ ಬಿಲ್ ಯಾವುದೂ ಅದರಲ್ಲಿ ಬರುವುದಿಲ್ಲ. ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಶಿರಸಿ-ಸಿದ್ದಾಪುರದ ಕಡೆ ಮನೆಮಾತು. ಅದೂ ಮುಖ್ಯವಾಗಿ ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆಯೊಳಗಿನ ಚಿಕಿತ್ಸೆಗಳಿಗಾಗಿ ರೂಪಿಸಿದ ಯೋಜನೆ. ಹೊರರೋಗಿ ವೆಚ್ಚ, ಥೆರಪಿ ಎರಡನ್ನೂ ಒಳಗೊಂಡ ಒಂದು ಸರ್ಕಾರಿ ವಿಮೆ ಇದೆ: ನಿರಾಮಯ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಖಿನ್ನತೆ, ಸ್ಕಿಝೋಫ್ರೇನಿಯಾ ಅದರ ಹೊರಗೆ. ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ ಎರಡೂ ಒಂದೇ ಎಂದುಕೊಂಡು ಅರ್ಜಿ ಹಾಕಿ ತಿರಸ್ಕೃತರಾಗುವುದಕ್ಕೆ ಕಾರಣ ಇದು.

ಒಂದು ಅಪವಾದ ಹೇಳಲೇಬೇಕು, ಏಕೆಂದರೆ ಬೇಕಾದವರಿಗೇ ಅದು ಗೊತ್ತಿರುವುದಿಲ್ಲ. ದಾಂಡೇಲಿಯಂಥ ಕಾರ್ಖಾನೆ ಊರಿನಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಕಾರ್ಮಿಕರು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತಾರೆ. ಅಲ್ಲಿ ಹೊರರೋಗಿ ಚಿಕಿತ್ಸೆಯೂ ಔಷಧವೂ ಸೇರಿವೆ. ದೀರ್ಘಕಾಲದ 34 ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಝೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆಗಳೂ ಇವೆ. ಷರತ್ತು ಪೂರೈಸಿದವರಿಗೆ ರಜೆಯ ಅವಧಿಯಲ್ಲಿ ಸಂಬಳದ ಶೇ 80ರಷ್ಟು ಎರಡು ವರ್ಷಗಳವರೆಗೂ ಸಿಗಬಹುದು. ಕಾಯಿಲೆಯಿಂದ ದುಡಿಮೆ ನಿಲ್ಲುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡ ವ್ಯವಸ್ಥೆ ಇದು. ಬೋಟಿಗೆ ಹೋಗುವವರಿಗೆ, ತೋಟದ ಕೂಲಿಗೆ ಹೋಗುವವರಿಗೆ ಇಂಥದ್ದು ಯಾವುದೂ ಇಲ್ಲ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕ ಅದರಲ್ಲಿ ಇರಲಿಲ್ಲ. ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು ಎಂದು ಅದು ಹೇಳಿತು. ಕುಟುಂಬಗಳು ಚಿಕಿತ್ಸೆಗೂ ಓಡಾಟಕ್ಕೂ ಸೇರಿ ತಿಂಗಳಿಗೆ 1,000ದಿಂದ 1,500 ರೂಪಾಯಿ ಖರ್ಚು ಮಾಡುತ್ತಿದ್ದವು ಎಂಬುದೂ ಅದರಲ್ಲೇ ಇದೆ. ಹತ್ತು ವರ್ಷದ ಹಿಂದಿನ ಬೆಲೆ. ಓಡಾಟ ಎಂಬುದನ್ನು ಚಿಕಿತ್ಸೆಯ ಪಕ್ಕದಲ್ಲೇ ಬರೆದಿದ್ದಾರೆ ನೋಡಿ, ಉತ್ತರ ಕನ್ನಡದಲ್ಲಿ ಆ ಪಾಲೇ ಹೆಚ್ಚು. ಕಾಯಿಲೆಯವರು ಒಬ್ಬರೇ ಹೋಗುವುದಿಲ್ಲ, ಜೊತೆಗೊಬ್ಬರು ಬೇಕು. ಎರಡು ಟಿಕೆಟ್, ಎರಡು ಊಟ, ಎರಡು ಆಳಿನ ದಿನಗೂಲಿ. ಮಾತ್ರೆ ಉಚಿತವಾಗಿ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಆ ದಿನದ ಲೆಕ್ಕ ಆಗಲೂ ನಷ್ಟದ್ದೇ.

ಇಲ್ಲಿ ಬಸ್ಸಿನ ವಿಷಯ ಸಣ್ಣದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್‌ಗಳಲ್ಲಿ ಟಿಕೆಟ್ ಇಲ್ಲ. ತಾಯಿ-ಮಗಳು ಯಲ್ಲಾಪುರದಿಂದ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿಬಂದರೆ ಬಸ್ ಖರ್ಚು ಸೊನ್ನೆ. ಮಗನನ್ನು ಕರೆದೊಯ್ದರೆ ಅವನ ಟಿಕೆಟ್ ಕೊಳ್ಳಬೇಕು. ಅಂಗವಿಕಲರ ರಿಯಾಯಿತಿ ಪಾಸ್ ಇದ್ದರೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಪಟ್ಟಿಯಲ್ಲಿ ಸೇರಿಸಿದೆ, ಶೇ 40ರಷ್ಟು ಎಂದು ಪ್ರಮಾಣಪತ್ರವಾದರೆ ಪಾಸ್‌ಗೆ ದಾರಿಯಿದೆ. ಆದರೆ ಪಾಸ್‌ನ ಮಿತಿ ಮನೆಯಿಂದ 100 ಕಿಲೋಮೀಟರ್. ಕಾರವಾರ, ಭಟ್ಕಳದವರಿಗೆ ಧಾರವಾಡ ಆ ಮಿತಿಯಾಚೆ. ಗೋವಾ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ.

ವಿಮೆ ಕಂಪನಿಗಳ ಮಾತೇನು

2017ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟಿನಲ್ಲಿ ಇದನ್ನು ಪಾಲಿಸಲು ಸೂಚಿಸಿತು. ಕಂಪನಿಗಳು ಎಳೆದಾಡಿದವು. 2022ರ ಅಕ್ಟೋಬರಿನಲ್ಲಿ ಮತ್ತೆ ಸುತ್ತೋಲೆ ಬಂತು, ತಿಂಗಳ ಕೊನೆಯ ಗಡುವಿನೊಂದಿಗೆ.

ಹಾಗಾದರೆ ಸಮಾನತೆ ಬಂತಲ್ಲ? ಬಂತು, ಕಾಗದದ ಮೇಲೆ ಅಕ್ಷರಶಃ ಬಂತು. ದೇಹದ ಕಾಯಿಲೆಗೆ ಇಪ್ಪತ್ತನಾಲ್ಕು ಗಂಟೆಯ ದಾಖಲಾತಿ ಬೇಕು ಎಂಬ ನಿಯಮ ಮಾನಸಿಕ ಕಾಯಿಲೆಗೂ ಅದೇ ಆಯಿತು. ಮುರಿದ ಕಾಲಿಗೆ ದಾಖಲಾತಿ ಬೇಕಾಗುತ್ತದೆ, ಆತಂಕದ ಕಾಯಿಲೆಗೆ ಬೇಕಾಗುವುದಿಲ್ಲ. ಒಂದೇ ನಿಯಮವನ್ನು ಎರಡಕ್ಕೂ ಹಾಕಿದಾಗ ಒಂದು ಕಡೆಯವರಿಗೆ ಕ್ಲೇಮ್ ಸಿಗುತ್ತದೆ, ಇನ್ನೊಂದು ಕಡೆಯವರಿಗೆ ಕ್ಲೇಮ್ ಮಾಡುವ ಸಂದರ್ಭವೇ ಹುಟ್ಟುವುದಿಲ್ಲ.

ಕಂಪನಿಗಳ ವಾದದಲ್ಲೂ ಹುರುಳಿಲ್ಲದಿಲ್ಲ. ಹೊರರೋಗಿ ಕ್ಲೇಮ್‌ಗಳು ಸಣ್ಣವು, ಸಂಖ್ಯೆಯಲ್ಲಿ ವಿಪರೀತ. ಐನೂರು ರೂಪಾಯಿಯ ಬಿಲ್ ಪರಿಶೀಲಿಸಲು ಆಗುವ ಖರ್ಚು ಬಿಲ್ಲಿಗೆ ಹತ್ತಿರವೇ ಬರಬಹುದು. ಮಾತಿನ ಚಿಕಿತ್ಸೆ ಬೇಕೆಂದು ಮೊದಲೇ ಗೊತ್ತಿರುವವರೇ ಅಂಥ ಪಾಲಿಸಿ ಕೊಳ್ಳುತ್ತಾರೆ, ಪ್ರೀಮಿಯಂ ಏರುತ್ತದೆ, ಉಳಿದವರು ಬಿಟ್ಟುಹೋಗುತ್ತಾರೆ. ಇದಕ್ಕೆ ಎದುರು ವಾದ: ಸಣ್ಣ ಬಿಲ್ ಕೊಡದೆ ಉಳಿಸಿದ್ದು, ಔಷಧ ತಪ್ಪಿ ಕಾಯಿಲೆ ಮರುಕಳಿಸಿದಾಗ ದಾಖಲಾತಿಯ ದೊಡ್ಡ ಬಿಲ್ಲಾಗಿ ವಾಪಸ್ ಬರುತ್ತದೆ. ವೈದ್ಯಕೀಯವಾಗಿ ಎರಡನೇ ವಾದ ಗಟ್ಟಿ. ವ್ಯಾಪಾರದಲ್ಲಿ ಮಾತ್ರ, ಮುಂದಿನ ವರ್ಷ ಆ ಗ್ರಾಹಕ ಬೇರೆ ಕಂಪನಿಗೆ ಹೋಗಬಹುದಾದ್ದರಿಂದ, ಇವತ್ತಿನ ಉಳಿತಾಯವೇ ಗೆಲ್ಲುತ್ತದೆ.

ಜಿಎಸ್‌ಟಿ ಸುದ್ದಿಯ ಬಗ್ಗೆ ಎರಡು ಮಾತು ಸಾಕು. ತೆರಿಗೆ ಹೋದದ್ದು ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳಿಗೆ. ಕಂಪನಿ ತನ್ನ ನೌಕರರಿಗೆ ಮಾಡಿಸುವ ಗುಂಪು ವಿಮೆಗಲ್ಲ. ಪ್ರೀಮಿಯಂ ಇಳಿದರೂ ಪಾಲಿಸಿಯೊಳಗಿನ ನಿಯಮ ಬದಲಾಗಿಲ್ಲ. ಈಗಾಗಲೇ ಇರುವ ಕಾಯಿಲೆಗೆ ಗರಿಷ್ಠ ಮೂರು ವರ್ಷದ ಕಾಯುವ ಅವಧಿ ಇರುತ್ತದೆ. ಪಾಲಿಸಿ ಕೊಳ್ಳುವಾಗ ಮಾತ್ರೆಯ ವಿಷಯ ಮುಚ್ಚಿಟ್ಟರೆ ಮುಂದೆ ಬೇರೆ ಕಾಯಿಲೆಯ ಕ್ಲೇಮ್‌ಗೂ ತೊಡಕಾಗಬಹುದು. ಏಜೆಂಟ್ ಏನೇ ಹೇಳಲಿ, ಬರೆದುಬಿಡುವುದು ಕ್ಷೇಮ. ಕ್ಲೇಮ್ ತಿರಸ್ಕೃತವಾದರೆ ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ದೂರಿಗೆ ಶುಲ್ಕವಿಲ್ಲ.

ಊರವರ ಕಣ್ಣು ತಪ್ಪಿಸುವ ಬೆಲೆ

ಸೇವೆ ಹತ್ತಿರ ತಂದರೆ ಜನ ಬರುತ್ತಾರೆ ಎಂಬುದು ಯೋಜನೆ ಮಾಡುವವರ ನಂಬಿಕೆ. ಅರ್ಧ ಸತ್ಯ. ಶಿರಸಿ, ಕುಮಟಾದಂಥ ಊರಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ಯಾವ ಬಾಗಿಲ ಮುಂದೆ ಯಾರು ಕೂತಿದ್ದಾರೆ ಎಂಬುದು ಸಂಜೆಯೊಳಗೆ ಕೇರಿಗೆ ತಲುಪುತ್ತದೆ. ಮಗಳ ಮದುವೆ ಮಾತುಕತೆ ನಡೆಯುತ್ತಿರುವ ಮನೆಯವರು ತಾಲ್ಲೂಕು ಆಸ್ಪತ್ರೆಯ ಉಚಿತ ಕ್ಲಿನಿಕ್ ಬಿಟ್ಟು ಹುಬ್ಬಳ್ಳಿಯ ಖಾಸಗಿ ವೈದ್ಯರ ಬಳಿ ಹೋಗುವುದು ಇದಕ್ಕೇ. ಅವರು ಅಲ್ಲಿ ಕೊಡುವ ಫೀಯಲ್ಲಿ ಒಂದು ಪಾಲು ಚಿಕಿತ್ಸೆಗೆ, ಇನ್ನೊಂದು ಪಾಲು ಗುರುತು ಸಿಗದಿರುವುದಕ್ಕೆ. ಕರಾವಳಿಯವರು ಮಣಿಪಾಲಕ್ಕೆ ಹೋದರೆ ‘ಹೊಟ್ಟೆನೋವಿಗೆ’ ಎನ್ನಬಹುದು. ಅಲ್ಲಿ ಎಲ್ಲ ಕಾಯಿಲೆಯವರೂ ಹೋಗುತ್ತಾರೆ.

ಕಾರವಾರದವರಿಗೆ ಗೋವಾದ ಬಾಂಬೋಲಿಮ್ ನೂರು ಕಿಲೋಮೀಟರ್ ಒಳಗಿನ ದಾರಿ. ಗೋವಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮಾನಸಿಕ ಚಿಕಿತ್ಸೆಯ ಸರ್ಕಾರಿ ಸಂಸ್ಥೆ ಎರಡೂ ಅಲ್ಲೇ ಇವೆ. ಕೊಂಕಣಿ ಮಾತಾಡುವವರಿಗೆ ಭಾಷೆಯೂ ಒಗ್ಗುತ್ತದೆ, ಮನಸ್ಸಿನ ಚಿಕಿತ್ಸೆಯಲ್ಲಿ ಅದು ದೊಡ್ಡ ಮಾತು. ಆದರೆ 2018ರಿಂದ ಆ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೊರರಾಜ್ಯದವರಿಗೆ ಶುಲ್ಕ ಶುರುವಾಯಿತು. ಗೋವಾ ಸರ್ಕಾರದ ವಾದ ಸರಳ: ನಮ್ಮ ತೆರಿಗೆಯ ದುಡ್ಡು ನಮ್ಮ ಜನರಿಗೆ ಮೊದಲು. ತಪ್ಪೆನ್ನಲಾಗದು. 2022ರಲ್ಲಿ ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎದ್ದ ಕೂಗಿನ ಹಿಂದೆಯೂ ಇದೇ ಇತ್ತು, ಪಕ್ಕದವರನ್ನು ಎಷ್ಟು ದಿನ ನೆಚ್ಚಿಕೊಳ್ಳುವುದು ಎಂಬ ಪ್ರಶ್ನೆ. ಆ ಚಳವಳಿಯ ಮಾತೆಲ್ಲ ಅಪಘಾತ, ಹೃದಯದ ಸುತ್ತ ನಡೆಯಿತು. ಮಾನಸಿಕ ಚಿಕಿತ್ಸೆಯ ಬೇಡಿಕೆ ಬೀದಿಗೆ ಬರುವುದು ಕಷ್ಟ, ಬ್ಯಾನರ್ ಹಿಡಿಯಲು ಯಾರೂ ಮುಂದೆ ಬರುವುದಿಲ್ಲವಲ್ಲ.

ವೈದ್ಯರ ಬಳಿ ಬರುವ ಮೊದಲೇ ಒಂದಷ್ಟು ದುಡ್ಡು, ಅದಕ್ಕಿಂತ ಮುಖ್ಯವಾಗಿ ಒಂದಷ್ಟು ತಿಂಗಳು, ಪ್ರಶ್ನೆ ಕೇಳಿಸುವುದರಲ್ಲಿ, ಹರಕೆಯಲ್ಲಿ, ತಾಯಿತದಲ್ಲಿ ಹೋಗಿರುತ್ತದೆ. ನಂಬಿಕೆಯನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಆದರೆ ವಾಸ್ತವದ ಅರಿವು ತಪ್ಪಿಸುವ ಸೈಕೋಸಿಸ್‌ನಂಥ ಕಾಯಿಲೆಯಲ್ಲಿ ಚಿಕಿತ್ಸೆ ಶುರುವಾಗುವುದು ತಡವಾದಷ್ಟೂ ಚೇತರಿಕೆ ಕಷ್ಟ. ಎರಡನ್ನೂ ಒಟ್ಟಿಗೆ ಮಾಡಲು ಯಾವ ದೇವರೂ ಅಡ್ಡ ಬರುವುದಿಲ್ಲ.

ಫೋನು ಎಷ್ಟು ತುಂಬಿಸೀತು

14416, ಅಂದರೆ ಟೆಲಿ-ಮಾನಸ್, ದೂರವನ್ನೂ ಊರವರ ಕಣ್ಣನ್ನೂ ಒಟ್ಟಿಗೆ ದಾಟುವ ಸಾಧನ. ಮೊದಲ ಹಂತದಲ್ಲಿ ತರಬೇತಾದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಬೇಕಾದರೆ ತಜ್ಞರಿಗೆ, ಅಲ್ಲಿಂದ ಜಿಲ್ಲೆಯ ತಂಡಕ್ಕೆ ದಾಟಿಸುತ್ತಾರೆ. ಕನ್ನಡದಲ್ಲೇ ಮಾತಾಡಬಹುದು. 2024ರ ಅಕ್ಟೋಬರಿನಲ್ಲಿ ವಿಡಿಯೊ ಸಮಾಲೋಚನೆ ಶುರುವಾದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಸರ್ಕಾರದ ವಾದ, ಮನೋವೈದ್ಯರನ್ನು ರಾತ್ರೋರಾತ್ರಿ ಸೃಷ್ಟಿಸಲಾಗದು. ದೇಶದಲ್ಲಿ ಲಕ್ಷ ಜನಕ್ಕೆ ಸುಮಾರು 0.75 ಮನೋವೈದ್ಯರಿದ್ದಾರೆ, ಬೇಕಿರುವುದು ಕನಿಷ್ಠ ಮೂವರು. ಹಾಗಾಗಿ ಇರುವವರನ್ನು ಫೋನಿನ ಮೂಲಕ ಹಂಚಬೇಕು. ಇದನ್ನು ಟೀಕಿಸುವವರು ಹೇಳುವುದು, ಕರೆ ಮುಗಿದ ಮೇಲೆ ಮಾತ್ರೆ ಕೈಗೆ ಸಿಗಬೇಕಾದದ್ದು ಅದೇ ತಾಲ್ಲೂಕು ಆಸ್ಪತ್ರೆಯ ಔಷಧ ಕಿಟಕಿಯಲ್ಲಿ. ಅಲ್ಲಿ ಸ್ಟಾಕ್ ಇಲ್ಲದಿದ್ದರೆ ಫೋನಿನಿಂದ ಪ್ರಯೋಜನವೇನು? ಜೋಯಿಡಾದ ಹಳ್ಳಿಗಳಲ್ಲಿ ಫೋನಿನ ಮಾತಿಗೂ ಮೊದಲು ನೆಟ್‌ವರ್ಕ್ ಹುಡುಕಬೇಕು. ನನ್ನ ಅಂದಾಜಿನಲ್ಲಿ ಫೋನು ಮೊದಲ ಹೆಜ್ಜೆಗೆ ಬಹಳ ಒಳ್ಳೆಯದು, ಆರನೇ ತಿಂಗಳಿಗೆ ಸಾಲದು. ಆತ್ಮಹತ್ಯೆಯ ಯೋಚನೆ ಬರುತ್ತಿರುವವರಿಗಂತೂ ಕಾಯದೆ ಇದೇ ಸಂಖ್ಯೆಗೆ ಕರೆ ಮಾಡಿಸಬೇಕು. ಆಗಲೇ ಏನಾದರೂ ಮಾಡಿಕೊಂಡಿದ್ದರೆ ಹತ್ತಿರದ ಆಸ್ಪತ್ರೆಗೇ ಹೋಗಬೇಕು, ಕೇಸ್ ಆಗುತ್ತದೆ ಎಂಬ ಹೆದರಿಕೆಗೆ ಈಗ ಆಧಾರವಿಲ್ಲ. ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ.

ನೂರು ಮಕ್ಕಳ ನಿಯಮ

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ. ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಹದಿನೈದು ಮಾರ್ಗಸೂಚಿ ಕೊಟ್ಟಿತು. ಕಾನೂನು ಬರುವತನಕ ಅವೇ ಅನ್ವಯ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು, ಮನಃಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ನಂಟು ಮಾಡಿಕೊಳ್ಳಬೇಕು. ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಉಸ್ತುವಾರಿ ಸಮಿತಿ.

ಸಂಬಳ ಯಾರು ಕೊಡುತ್ತಾರೆ ಎಂಬುದರಲ್ಲಿ ಗೊಂದಲ. ಶಿರಸಿ, ಕುಮಟಾ, ಹೊನ್ನಾವರದ ದೊಡ್ಡ ಕಾಲೇಜುಗಳು ಶುಲ್ಕಕ್ಕೆ ಸೇರಿಸಿ ನಿಭಾಯಿಸಿಯಾವು. ಅನುದಾನಿತ ಪ್ರೌಢಶಾಲೆಗಳಿಗೆ ಪಾಠ ಮಾಡುವ ಹುದ್ದೆ ತುಂಬಿಸಿಕೊಳ್ಳುವುದೇ ಹರಸಾಹಸ. ಇಂಥಲ್ಲಿ ಇರುವ ಶಿಕ್ಷಕರೊಬ್ಬರಿಗೇ ಎರಡು ದಿನದ ತರಬೇತಿ ಕೊಟ್ಟು ಫೈಲು ಮುಚ್ಚುವ ಸಾಧ್ಯತೆ ಹೆಚ್ಚು. ಮಲೆನಾಡಿನ ಹಳ್ಳಿ ಶಾಲೆಗಳಲ್ಲಿ ನೂರು ಮಕ್ಕಳೇ ಇರುವುದಿಲ್ಲ. ಅವು ನಂಟು ಮಾಡಿಕೊಳ್ಳಬೇಕಾದ ‘ಹೊರಗಿನ ತಜ್ಞರು’ ಅಂದರೆ ಮತ್ತದೇ ಜಿಲ್ಲಾ ತಂಡ, ಆಗಲೇ ಹನ್ನೆರಡು ತಾಲ್ಲೂಕು ಹೊತ್ತಿರುವ ತಂಡ. ಕಾರವಾರ ಮತ್ತು ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಕ್ಲಸ್ಟರ್ ಮಟ್ಟದಲ್ಲಿ ಹತ್ತಾರು ಶಾಲೆಗೆ ಒಬ್ಬ ಅರ್ಹರನ್ನು ಹಂಚಿಕೊಟ್ಟರೆ ಪ್ರತಿ ಶಾಲೆಗೊಬ್ಬ ಹೆಸರಿಗಷ್ಟೇ ಇರುವ ಸಮಾಲೋಚಕರಿಗಿಂತ ಮೇಲು.

ಯಾರ ಬಳಿ ಹೋಗುವುದು, ಏನು ಕೇಳುವುದು

ದುಡ್ಡು ಪೋಲಾಗುವ ಇನ್ನೊಂದು ದಾರಿ ತಪ್ಪು ಬಾಗಿಲು. ಮನೋವೈದ್ಯರು ಎಂಬಿಬಿಎಸ್ ಮಾಡಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಮನಃಶಾಸ್ತ್ರಜ್ಞರು ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಮಾಡುತ್ತಾರೆ, ಮಾತ್ರೆ ಬರೆಯುವುದಿಲ್ಲ; ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ‘ಕೌನ್ಸೆಲರ್’ ಎಂಬ ಬೋರ್ಡ್ ಹಾಕಲು ಮಾತ್ರ ಇದುವರೆಗೆ ಇಂಥದೇ ಓದು ಎಂಬ ಕಟ್ಟುಪಾಡು ಇರಲಿಲ್ಲ. 2021ರ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ ಅವರನ್ನೂ ನೋಂದಣಿಯೊಳಗೆ ತರಲು ಹೊರಟಿದೆ. ಆನ್‌ಲೈನಿನಲ್ಲಿ ಬೆಂಗಳೂರಿನವರೊಂದಿಗೆ ಮಾತಾಡುವವರು ನೋಂದಣಿ ಸಂಖ್ಯೆ, ಒಂದು ಸಲದ ಫೀ, ಅಂದಾಜು ಎಷ್ಟು ಸಲ ಬೇಕಾದೀತು ಎಂಬ ಮೂರನ್ನು ದುಡ್ಡು ಹಾಕುವ ಮುನ್ನ ಕೇಳಬೇಕು. ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳುವವರನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಮಳೆಗಾಲದ ಮೊದಲು

ಹೀಗೇ ಮುಂದುವರಿದರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಕರಾವಳಿಯ ಕೈಯಲ್ಲಿ ದುಡ್ಡಿರುವುದಿಲ್ಲ. ಅದೇ ತಿಂಗಳುಗಳಲ್ಲಿ ಘಟ್ಟದ ರಸ್ತೆಗಳು ಕುಸಿಯುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿದಾಗ 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ದುಡ್ಡೂ ದಾರಿಯೂ ಒಟ್ಟಿಗೆ ಕಡಿದಾಗ ಮೊದಲು ತಪ್ಪುವುದು ‘ಈಗ ಪರವಾಗಿಲ್ಲವಲ್ಲ’ ಎನ್ನುವ ಕಾಯಿಲೆಯ ಮಾತ್ರೆ. ತಪ್ಪಿದ ಮಾತ್ರೆ ಕೆಲವು ತಿಂಗಳ ನಂತರ ಧಾರವಾಡದಲ್ಲೋ ಮಣಿಪಾಲದಲ್ಲೋ ದಾಖಲಾತಿಯಾಗಿ ಕಾಣಿಸಿಕೊಳ್ಳುತ್ತದೆ. ಆಗ ಮಾತ್ರ ಕಾರ್ಡ್ ಉಪಯೋಗಕ್ಕೆ ಬರುತ್ತದೆ.

ಇದಕ್ಕೆ ಹೊಸ ಆಸ್ಪತ್ರೆ ಕಟ್ಟಬೇಕಾಗಿಲ್ಲ. ಕಾಯಿಲೆ ಹತೋಟಿಯಲ್ಲಿರುವವರಿಗೆ ವೈದ್ಯರು ಒಪ್ಪಿದರೆ ಮೇ ತಿಂಗಳಲ್ಲೇ ಎರಡು-ಮೂರು ತಿಂಗಳ ಔಷಧ ಕೊಡುವುದು, ಅದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ತಲುಪಿಸುವುದು, ಬಿಪಿ-ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆ ಒಂದೇ ಕಿಟಕಿಯಲ್ಲಿ ಕೊಡುವುದು: ದುಡ್ಡೂ ಹೆಚ್ಚು ಬೇಡ, ಕಿಟಕಿಯ ಮುಂದೆ ನಿಂತವರು ಯಾವ ಮಾತ್ರೆಗೆ ಬಂದವರೆಂದೂ ತಿಳಿಯುವುದಿಲ್ಲ. ಜಿಲ್ಲೆಯ ಗಡಿಯಾಚೆ ಹೋಗಿ ಪಡೆದ ಚಿಕಿತ್ಸೆಯ ವೆಚ್ಚ ಮರಳಿಸುವುದಕ್ಕೆ ರಾಜ್ಯ ಮಟ್ಟದ ನಿರ್ಧಾರ ಬೇಕು. ಅದು ಬೇಗ ಆಗುವ ಲಕ್ಷಣವಿಲ್ಲ.

ಅಲ್ಲಿಯವರೆಗೆ ಕುಟುಂಬಗಳ ಕೈಯಲ್ಲಿರುವುದು 2017ರ ಕಾಯ್ದೆಯ 28ನೇ ಸೆಕ್ಷನ್. ಸೇವೆಯಲ್ಲಿ ಕೊರತೆ ಕಂಡರೆ ಮೊದಲು ಆ ಸಂಸ್ಥೆಯ ಮುಖ್ಯ ವೈದ್ಯಾಧಿಕಾರಿಗೆ, ಆಮೇಲೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಆಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಅರ್ಜಿ ಬರೆಯಲು ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯ ನೆರವು ಉಚಿತ, ಅದನ್ನೂ ಇದೇ ಕಾಯ್ದೆ ಕೊಟ್ಟಿದೆ. ಹೋಗುವಾಗ ಬೇಕಾದ್ದು: ವೈದ್ಯರ ಚೀಟಿ, ಹೊರಗೆ ಕೊಂಡ ಮಾತ್ರೆಯ ಬಿಲ್, ಹೋದ ದಿನದ ಹೊರರೋಗಿ ಚೀಟಿ. ಔಷಧ ಕಿಟಕಿಯಲ್ಲಿ ‘ಸ್ಟಾಕ್ ಇಲ್ಲ’ ಎಂದರೆ ಅದನ್ನು ಚೀಟಿಯ ಮೇಲೆ ದಿನಾಂಕ ಹಾಕಿ ಬರೆಸಿಕೊಂಡೇ ಬರಬೇಕು.